ಬೆಟ್ಟದ ಮರ, ಗೋಡೆಯ ಮರ

ಬೋನ್ಸಾಯಿಗಾಗಿ ಕಾಡಿನ ಮರ ಕಿತ್ತು ತರುವುದಕ್ಕೆ ಜಪಾನಿನಲ್ಲಿ ಯಾಮಾದೊರಿ ಎನ್ನುತ್ತಾರೆ. ಯಾಮಾ ಎಂದರೆ ಬೆಟ್ಟ, ತೊರಿ ಎಂದರೆ ತೆಗೆದುಕೊಳ್ಳುವುದು. ನಮ್ಮ ಬೆಟ್ಟದಾವರೆಯಲ್ಲಿ ಆಗುವಂತೆ ಅಲ್ಲೂ ತಕಾರ ದಕಾರವಾಗಿದೆ. ಶಿಕೋಕು ದ್ವೀಪದ ಇಶಿಜುಚಿ ಬೆಟ್ಟದಲ್ಲಿ ಶಿಂಪಾಕು ಜುನಿಪರ್‌ಗಾಗಿ ಜನ ಹಗ್ಗ ಕಟ್ಟಿಕೊಂಡು ಪ್ರಪಾತಕ್ಕೆ ಇಳಿದರು. ಕೊನೆಗೆ ಅಲ್ಲಿ ಒಳ್ಳೆಯ ಮರಗಳೇ ಅಪರೂಪವಾದವು.

ಪುಣೆಯಲ್ಲಿ ನೆಲೆಸಿರುವ ಧಾರವಾಡದ ಬ್ಯಾಂಕ್ ಉದ್ಯೋಗಿಯೊಬ್ಬರಿಗೂ ಆ ಆಸೆ ಹತ್ತಿತು. ಒಂದು ಮಳೆಗಾಲ ಘಟ್ಟದ ಬಂಡೆಸಂದಿಯಿಂದ ಕುಳ್ಳು ಬಸರಿಯೊಂದನ್ನು ಕಿತ್ತು ತಂದರು. 15 ದಿನಕ್ಕೆ ಚಿಗುರಿತು. ಮನೆಗೆ ಬಂದವರಿಗೆಲ್ಲ ತೋರಿಸಿದರು. ದೀಪಾವಳಿಯ ಹೊತ್ತಿಗೆ ಒಣಗಿತು. ಹೊಸ ಬೇರು ಬಿಡದೆ, ಕಾಂಡದಲ್ಲಿ ಉಳಿದ ಸತ್ವದಿಂದಲೇ ಮರ ಚಿಗುರುವುದುಂಟು ಎಂದು ಆಮೇಲೆ ತಿಳಿಯಿತು.

ಈಗ ಅವರು ಹಳೆಯ ವಾಡೆಗಳನ್ನು ಕೆಡವುವಲ್ಲಿ ಹೋಗಿ ಕೇಳುತ್ತಾರೆ. ಹಕ್ಕಿ ಉದುರಿಸಿದ ಬೀಜದಿಂದ ಗೋಡೆಬಿರುಕಿನಲ್ಲಿ ಬೆಳೆದ ಅರಳಿ ಅಲ್ಲಿ ಹೇಗೂ ಉಳಿಯುವುದಿಲ್ಲ. ಗಾರೆ ಬಿಡಿಸಿ, ಸಣ್ಣ ಬೇರು ಹರಿಯದಂತೆ ತೆಗೆದು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತರುತ್ತಾರೆ. ಎಲೆ ಕಡಿಮೆ ಮಾಡಿ, ನೀರು ಬಸಿಯುವಂತೆ ಇಟ್ಟಿಗೆ ಚೂರಿನಲ್ಲಿ ನೆಟ್ಟು ನೆರಳಲ್ಲಿಡುತ್ತಾರೆ. ಒಂದು ವರ್ಷ ತಂತಿ ಸುತ್ತುವುದಿಲ್ಲ, ಕುಂಡ ಬದಲಿಸುವುದಿಲ್ಲ.

ಘಟ್ಟಕ್ಕೆ ಈಗಲೂ ಹೋಗುತ್ತಾರೆ, ಗುದ್ದಲಿಯಿಲ್ಲದೆ. ಆ ಬಂಡೆಸಂದಿ ಇನ್ನೂ ಖಾಲಿಯಿದೆ.