ಸರ ಎಲ್ಲಿ ಹರಿಯಬೇಕು?

ಮಕ್ಕಳೇ, ಶಾಲೆಯ ವಾರ್ಷಿಕೋತ್ಸವದಲ್ಲೋ ಪ್ರತಿಭಾ ಕಾರಂಜಿಯಲ್ಲೋ ನೀವು ವೇಷ ಹಾಕಿರಬಹುದು. ಹಾಕಿದ್ದರೆ ಮಣಿಸರ ಹರಿಯುವ ಸದ್ದು ನಿಮಗೆ ಗೊತ್ತಿರುತ್ತದೆ. ಮೊದಲು 'ಟಪ್' ಎಂದು ಒಂದು ಸಣ್ಣ ಸದ್ದು. ಆಮೇಲೆ ತಗಡಿನ ಮೇಲೆ ಮಳೆಹನಿ ಬಿದ್ದ ಹಾಗೆ ಪಟಪಟ.

ಎರಡು ವರ್ಷದ ಹಿಂದೆ ಗುಬ್ಬಿ ತಾಲ್ಲೂಕಿನ ಒಂದು ಶಾಲೆಗೆ ಛದ್ಮವೇಷ ಸ್ಪರ್ಧೆಯ ತೀರ್ಪುಗಾರಳಾಗಿ ಹೋಗಿದ್ದೆ. ಐದನೇ ತರಗತಿಯ ಹುಡುಗಿಯೊಬ್ಬಳು ಕಿತ್ತೂರು ಚೆನ್ನಮ್ಮನಾಗಿ ಬಂದಳು. ಮಾತು ಖಡಕ್ಕಾಗಿತ್ತು. ಆದರೆ ರಟ್ಟಿನ ಕತ್ತಿ ಎತ್ತುವಾಗ ಅದರ ಹಿಡಿ ಕೊರಳ ಸರಕ್ಕೆ ಸಿಕ್ಕಿತು. ಮಣಿಗಳೆಲ್ಲ ವೇದಿಕೆ ತುಂಬ ಉರುಳಿದವು. ಚೆನ್ನಮ್ಮ ಬ್ರಿಟಿಷರನ್ನು ಅಲ್ಲಿಗೇ ಬಿಟ್ಟು ಮಂಡಿಯೂರಿ ಮಣಿ ಆರಿಸತೊಡಗಿದಳು. ಎಲ್ಲರೂ ನಕ್ಕರು. ಅವಳು ಮಾತ್ರ ಅಳುತ್ತಿದ್ದಳು. "ಮಿಸ್, ಇದು ನಮ್ಮಕ್ಕಂದು. ಕೇಳಿ ತಂದಿಲ್ಲ" ಎಂದಳು.

ನಾನು ಮಣಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತುಮಕೂರಿಗೆ ಬಂದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಒಂದು ಸರ ಪೋಣಿಸಲಾರೆನೇ? ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ತಂದು, ಎರಡೆಳೆ ಮಾಡಿ ಪೋಣಿಸಿದೆ. ನೈಲಾನ್ ನುಣುಪು, ಗಂಟು ಜಾರುತ್ತದೆ. ಹಾಗಾಗಿ ನಾಲ್ಕು ಗಂಟು ಹಾಕಿ ಮೇಲೊಂದು ಹನಿ ಅಂಟು ಬಿಟ್ಟೆ. ಮರುವಾರ ಹುಡುಗಿಯ ಕೈಗೆ ಕೊಡುವಾಗ, "ತಗೋ, ಆನೆ ಎಳೆದರೂ ಹರಿಯಲ್ಲ" ಎಂದೆ. ಅದೇ ಹುಮ್ಮಸ್ಸಿನಲ್ಲಿ ಇನ್ನೂ ಐದು ಸರ ಮಾಡಿ ನನ್ನ ಪೆಟ್ಟಿಗೆಯಲ್ಲಿಟ್ಟುಕೊಂಡೆ. ಕೇಳಿದ ಶಾಲೆಗಳಿಗೆ ಎರವಲು ಕೊಡುತ್ತಿದ್ದೆ.

ಅವುಗಳಲ್ಲಿ ಒಂದು ಕುಣಿಗಲ್ ತಾಲ್ಲೂಕಿನ ಒಂದು ಶಾಲೆಯಲ್ಲಿ ದುರ್ಯೋಧನನ ಕೊರಳು ಸೇರಿತು. ಎಂಟು ವರ್ಷದ ದುರ್ಯೋಧನ. ಅಭ್ಯಾಸ ಮುಗಿಸಿ ಕೊಠಡಿಯಿಂದ ಹೊರಗೆ ಬರುವಾಗ ಅವನ ಉದ್ದನೆಯ ಸರ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು. ಹುಡುಗ ಮುಂದೆ, ಸರ ಹಿಂದೆ. ನಾನು ಅಲ್ಲೇ ಇದ್ದೆ. ಅವನ ತಲೆ ಹಿಂದಕ್ಕೆ ಜಗ್ಗಿದ್ದು, ಬಾಯಿ ತೆರೆದರೂ ಸದ್ದು ಬಾರದೆ ಇದ್ದದ್ದು ಇವತ್ತಿಗೂ ಕಣ್ಣಮುಂದಿದೆ. ಓಡಿಹೋಗಿ ಬಿಡಿಸಿದೆವು. ಸರಕ್ಕೆ ಏನೂ ಆಗಿರಲಿಲ್ಲ. ಹುಡುಗನ ಕೊರಳಲ್ಲಿ ಕೆಂಪು ಗೆರೆ ಎದ್ದಿತ್ತು.

ಸಂಜೆ ಅವನ ಅಜ್ಜಿ ಬಂದರು. ಬೈಯುತ್ತಾರೆಂದು ಕಾದಿದ್ದೆ. ಅವರು ಸರವನ್ನು ಕೈಯಲ್ಲಿ ಹಿಡಿದು ಒಂದೆರಡು ಸಲ ಎಳೆದು ನೋಡಿ, "ಕಿತ್ತೋಗಿದ್ರೆ ಇನ್ನೊಂದು ತರಬೋದಾಗಿತ್ತು ಮೇಡಂ" ಎಂದರು. ಅಷ್ಟೇ.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಶಿಕ್ಷಕ ಮಿತ್ರರೂ ಹಾಕಿ ನೋಡಬಹುದು. 25 ಕಿಲೋಗ್ರಾಂ ತೂಕದ ಮಗು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನಡೆಯುತ್ತಿದೆ ಎನ್ನೋಣ. ಸರ ಸಿಕ್ಕಿಕೊಂಡು 5 ಸೆಂಟಿಮೀಟರ್ ದೂರದೊಳಗೆ ನಿಂತರೆ, ಅದನ್ನು ನಿಲ್ಲಿಸಲು ಬೇಕಾದ ಬಲ ಸುಮಾರು 250 ನ್ಯೂಟನ್. ಅಂದರೆ 25 ಕಿಲೋ ಅಕ್ಕಿ ಮೂಟೆ ನೇತುಹಾಕಿದಷ್ಟು! ಮಗು ಓಡುತ್ತಿದ್ದರೆ ಇನ್ನೂ ಹೆಚ್ಚು. ಅಷ್ಟೂ ಬಲ ಬೀಳುವುದು ಕೊರಳಿನ ಮೇಲೆ, ಅದೂ ದಾರದಷ್ಟೇ ಅಗಲದ ಜಾಗದಲ್ಲಿ. ಸರ ಗಟ್ಟಿಯಾಗಿದ್ದಷ್ಟೂ ಕೊರಳಿಗೆ ಕೆಡುಕು. ಗಟ್ಟಿ ಸರವೇ ಒಳ್ಳೆಯ ಸರ ಎಂದು ನಾನು ನಂಬಿದ್ದೆ.

ಮರುದಿನ ಮೊದಲ ಬಸ್ಸಿಗೇ ಗುಬ್ಬಿಗೆ ಹೋದೆ. ಚೆನ್ನಮ್ಮನ ಕೊರಳಿನ ಸರ ವಾಪಸು ಪಡೆಯಬೇಕಿತ್ತು. "ಆನೆ ಎಳೆದರೂ ಹರಿಯಲ್ಲ ಅಂದಿದ್ರಲ್ಲ ಮಿಸ್, ಮತ್ಯಾಕೆ?" ಎಂದು ಕೇಳಿದಳು. "ಅದಕ್ಕೇ" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಗುಬ್ಬಿ ಎಂದರೆ ನಾಟಕದ ಊರು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಅದನ್ನು ನಾಡಿಗೆಲ್ಲ ಹೆಸರುವಾಸಿ ಮಾಡಿದ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಇವತ್ತಿಗೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ ಊರವರೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ಕಿರೀಟ, ಭುಜಕೀರ್ತಿ, ಸರಗಳನ್ನೆಲ್ಲ ಬಾಡಿಗೆಗೆ ತರುತ್ತಾರೆ. ರಾತ್ರಿಯಿಡೀ ಗದೆ ಬೀಸುವ ಭೀಮನ ಸರ ಹೇಗೆ ಉಳಿಯುತ್ತದೆ? ಸರ ವಾಪಸು ಪಡೆದವಳು, ವೇಷಭೂಷಣ ಬಾಡಿಗೆಗೆ ಕೊಡುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಿ ಈ ಪ್ರಶ್ನೆ ಕೇಳಿದೆ. ಅವರು ಮಾತಾಡದೆ ಒಂದು ಸರ ತೆಗೆದು ತಿರುಗಿಸಿ ತೋರಿಸಿದರು. ಮಣಿಗಳನ್ನು ಒಂದೇ ದಾರಕ್ಕೆ ಪೋಣಿಸಿರಲಿಲ್ಲ. ಬಟ್ಟೆಯ ಪಟ್ಟಿಯ ಮೇಲೆ ಒಂದೊಂದನ್ನೂ ಬೇರೆ ಬೇರೆ ಹೊಲಿದಿದ್ದರು. ಒಂದು ಕಿತ್ತರೆ ಒಂದೇ ಹೋಗುತ್ತದೆ. ಹಿಂಭಾಗದಲ್ಲಿ ಕೊಕ್ಕೆ ಇರಲಿಲ್ಲ, ಎರಡು ಲಾಡಿಗಳಿದ್ದವು. "ಜೀರುಗಂಟು ಹಾಕ್ತೀವಮ್ಮ. ಒಂದು ತುದಿ ಎಳೆದ್ರೆ ಬಿಚ್ಚಿಕೊಳ್ಳುತ್ತೆ. ಸೀನು ಬದಲಾಗೋ ಹೊತ್ತಲ್ಲಿ ಕತ್ತಲಲ್ಲಿ ಕೊಕ್ಕೆ ಯಾರು ಹುಡುಕ್ತಾರೆ?" ಎಂದರು. ಅವರು ಯೋಚಿಸಿದ್ದು ವೇಗದ ಬಗ್ಗೆ. ನನಗೆ ಬೇಕಿದ್ದ ಉತ್ತರ ಅದರಲ್ಲೇ ಇತ್ತು.

ತುಮಕೂರಿಗೆ ಬಂದ ಮೇಲೆ ವಿಜ್ಞಾನ ಸಂಘದ ಮಕ್ಕಳ ಜೊತೆ ಪ್ರಯೋಗ ಶುರು ಮಾಡಿದೆ. ನೀವೂ ಮಾಡಬಹುದು. ಒಂದು ಲೀಟರಿನ ಖಾಲಿ ಬಾಟಲಿ, ಹೊಲಿಗೆ ದಾರ, ಒಂದು ಕಿಟಕಿ ಸರಳು ಇದ್ದರೆ ಸಾಕು. ದಾರದ ಒಂದು ತುದಿಯನ್ನು ಸರಳಿಗೆ ಹತ್ತು ಸುತ್ತು ಸುತ್ತಿ ಅಂಟುಪಟ್ಟಿ ಹಾಕಿ. ಇನ್ನೊಂದು ತುದಿಯನ್ನು ಬಾಟಲಿಯ ಕೊರಳಿಗೆ ಹಾಗೆಯೇ ಸುತ್ತಿ. ಬಾಟಲಿ ನೆಲದಿಂದ ನಾಲ್ಕು ಬೆರಳಷ್ಟೇ ಮೇಲಿರಲಿ, ಕಾಲು ಕೆಳಗಿಡಬೇಡಿ. ಈಗ ಲೋಟದಿಂದ ನಿಧಾನವಾಗಿ ನೀರು ಹಾಕುತ್ತಾ ಹೋಗಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಎಂಬುದು ನಿಮಗೆ ಗೊತ್ತೇ ಇದೆ. ನಮ್ಮ ಒಂದೆಳೆ ಹತ್ತಿ ದಾರ ಬಾಟಲಿ ತುಂಬಲು ಸ್ವಲ್ಪ ಇರುವಾಗ ಹರಿಯಿತು.

ಇನ್ನೊಂದು ಸಲ ಅದೇ ದಾರದ ನಡುವೆ ಒಂದು ಸಾದಾ ಗಂಟು ಹಾಕಿ ನೋಡಿದೆವು. ಬಾಟಲಿ ಅರ್ಧ ದಾಟುತ್ತಿದ್ದಂತೆ ಹರಿಯಿತು. ಹರಿದದ್ದು ಗಂಟಿನ ಬುಡದಲ್ಲೇ! ಮಕ್ಕಳಿಗೆ ನಂಬಿಕೆ ಬರಲಿಲ್ಲ, ಐದು ಸಲ ಮಾಡಿಸಿದರು. ಗಂಟಿನಲ್ಲಿ ದಾರ ಚೂಪಾಗಿ ಬಾಗುತ್ತದೆ. ಬಾಗಿನ ಹೊರಮೈಯ ಎಳೆಗಳು ಹೆಚ್ಚು ಎಳೆತಕ್ಕೆ ಸಿಕ್ಕಿ ಮೊದಲು ತುಂಡಾಗುತ್ತವೆ, ಆಮೇಲೆ ಉಳಿದವು. ಗಟ್ಟಿಯಾಗಲಿ ಎಂದು ನಾವು ಹಾಕುವ ಗಂಟೇ ದಾರದ ದುರ್ಬಲ ಜಾಗ.

ಹಾಗಾದರೆ ಗಂಟಿನಿಂದ ದೂರವಿರುವ ಕಡೆ ಸರ ಏಕೆ ಹರಿಯುತ್ತದೆ? ಭೂತಗನ್ನಡಿಯಲ್ಲಿ ಮಣಿಯ ತೂತಿನ ಅಂಚನ್ನು ನೋಡಿ. ಅಗ್ಗದ ಗಾಜಿನ ಮಣಿಗಳಲ್ಲಿ, ಅದರಲ್ಲೂ ಉದ್ದ ಕೊಳವೆಯಂಥ ಮಣಿಗಳಲ್ಲಿ ಅಂಚು ಒಡೆದ ಬಾಟಲಿಯಂತಿರುತ್ತದೆ. ಪ್ಲಾಸ್ಟಿಕ್ ಮಣಿಗಳಲ್ಲಿ ಅಚ್ಚಿನ ಮುಳ್ಳು ಉಳಿದಿರುತ್ತದೆ. ಭೂತಗನ್ನಡಿ ಇಲ್ಲದಿದ್ದರೆ ಸ್ವಲ್ಪ ಹತ್ತಿಯನ್ನು ತೂತಿನಲ್ಲಿ ತೂರಿಸಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಆ ಮಣಿ ದಾರ ಕತ್ತರಿಸುವ ಮಣಿ. ನೀವು ಕುಣಿದಾಗಲೆಲ್ಲ ಅದು ಗರಗಸದಂತೆ ಉಜ್ಜುತ್ತದೆ. ಪ್ಲಾಸ್ಟಿಕ್ ಮಣಿಯಾದರೆ ಮರಳುಕಾಗದವನ್ನು ಸೂಜಿಯಂತೆ ಸುರುಳಿ ಮಾಡಿ ಉಜ್ಜಿ ಸರಿಮಾಡಬಹುದು. ಗಾಜಿನದಾದರೆ ಅದನ್ನು ಬಿಟ್ಟುಬಿಡಿ, ಅದರ ಪುಡಿ ಒಳ್ಳೆಯದಲ್ಲ.

ಕೊರಳ ಹಿಂದೆ, ಕೊಕ್ಕೆಯ ಹತ್ತಿರವೇ ಸರಗಳು ಹೆಚ್ಚಾಗಿ ಹರಿಯುವುದಕ್ಕೂ ಕಾರಣವಿದೆ. ನೇತಾಡುವ ಸರದಲ್ಲಿ ಕೆಳಗಿನ ದಾರಕ್ಕೆ ಭಾರ ಕಡಿಮೆ, ಮೇಲಿನ ದಾರ ತನ್ನ ಕೆಳಗಿನ ಎಲ್ಲ ಮಣಿಗಳನ್ನೂ ಹೊರಬೇಕು. ಜೊತೆಗೆ ಬೆವರು, ಗಂಟು. ಎಲಾಸ್ಟಿಕ್ ಸರವಂತೂ ಪೆಟ್ಟಿಗೆಯಲ್ಲಿದ್ದರೂ ಗಾಳಿ, ಶಾಖಕ್ಕೆ ಮುದಿಯಾಗುತ್ತದೆ.

ಮಣಿಗಳಿಗೆ ಈ ಚಿಂತೆಯಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಎರಡು ಸಾವಿರ ವರ್ಷಕ್ಕೂ ಹಳೆಯ ಮಣಿಗಳು ಸಿಕ್ಕಿದವು. ಅಂಥ ಮಣಿಗಳನ್ನು ಕೊರಳಿಗೆ ಹಿಡಿದಿಟ್ಟಿದ್ದ ದಾರ ಮಾತ್ರ ಎಂದೋ ಮಣ್ಣಾಗಿರುತ್ತದೆ.

ಈಗ ನಮ್ಮ ಸರಕ್ಕೆ ಎರಡು ಗುಣ ಬೇಕಿತ್ತು. ಎಳೆದರೆ ಬಿಟ್ಟುಕೊಳ್ಳಬೇಕು, ಆದರೆ ಮಣಿಗಳು ಚೆಲ್ಲಬಾರದು. ಚೆಲ್ಲಿದ ಮಣಿ ಅಂಗನವಾಡಿ ಕೂಸಿನ ಬಾಯಿಗೋ ಮೂಗಿಗೋ ಹೋದರೆ ಅದು ಇನ್ನೊಂದು ಅಪಾಯ. (ಮೂಗಿಗೋ ಕಿವಿಗೋ ಮಣಿ ಹೋದರೆ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಒಳಕ್ಕೆ ಜಾರುತ್ತದೆ. ವೈದ್ಯರ ಬಳಿ ಕರೆದೊಯ್ಯಿರಿ. ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿಸರವೇ ಬೇಡ.)

ಮನೆಯ ವಿದ್ಯುತ್ ಫ್ಯೂಸ್ ನೋಡಿದ್ದೀರಲ್ಲ? ಇಡೀ ತಂತಿ ಸುಡಬಾರದೆಂದು ಒಂದು ಕಡೆ ಬೇಕೆಂದೇ ತೆಳು ತಂತಿ ಹಾಕಿರುತ್ತಾರೆ. ನಾವೂ ಹಾಗೇ ಮಾಡಿದೆವು. ಮಣಿಗಳನ್ನು ಗಟ್ಟಿ ದಾರಕ್ಕೇ ಪೋಣಿಸಿ, ಐದು ಮಣಿಗೊಂದು ಗಂಟು ಹಾಕಿದೆವು. ಎರಡು ತುದಿಗೂ ಪುಟ್ಟ ಕುಣಿಕೆ ಮಾಡಿ, ಹಿಂಭಾಗದಲ್ಲಿ ಆ ಎರಡು ಕುಣಿಕೆಗಳನ್ನು ಒಂದೆಳೆ ಹತ್ತಿ ದಾರದಿಂದ ಸೇರಿಸಿ ಗಂಟು ಹಾಕಿದೆವು. ಈ ಕೊಂಡಿದಾರ ಎಷ್ಟು ತಡೆಯಬಹುದು? ಗಂಟಿನಿಂದಾಗಿ ದಾರದ ಬಲ ಅರ್ಧಕ್ಕೆ ಇಳಿಯುತ್ತದೆ. ಆದರೆ ಮುಂದಿನಿಂದ ಎಳೆದಾಗ ಎಳೆತ ಸರದ ಎರಡು ಪಕ್ಕಕ್ಕೂ ಹಂಚಿಹೋಗುವುದರಿಂದ ಹಿಂದಿನ ದಾರಕ್ಕೆ ಬೀಳುವುದೂ ಅರ್ಧವೇ. ಒಂದಕ್ಕೊಂದು ಸರಿಹೋಗಿ, ಸುಮಾರು ಒಂದು ಕಿಲೋ ಎಳೆತಕ್ಕೆ ಸರ ಬಿಟ್ಟುಕೊಳ್ಳಬೇಕು. ಕಿಟಕಿ ಸರಳಿಗೆ ಸರ ತೂಗುಹಾಕಿ ಬಾಟಲಿ ಕಟ್ಟಿದೆವು. ಬಾಟಲಿ ತುಂಬುವ ಹೊತ್ತಿಗೆ ಕೊಂಡಿದಾರ ಹರಿದು ಸರ ಕೆಳಗೆ ಬಿತ್ತು. ಒಂದು ಮಣಿಯೂ ಉರುಳಲಿಲ್ಲ. ಹಾಗೆಂದು ಕುಣಿದರೆ ಬೀಳುವುದಿಲ್ಲ. ಸರದ ತೂಕ ನೂರೈವತ್ತು ಗ್ರಾಂ ಅಷ್ಟೇ, ಹತ್ತು ಸಲ ಜಿಗಿದು ನೋಡಿದೆವು.

ಹೊಸ ಸರ ತೆಗೆದುಕೊಂಡು ಕುಣಿಗಲ್‌ಗೆ ಹೋದಾಗ ದುರ್ಯೋಧನ ನನ್ನ ಪೆಟ್ಟಿಗೆ ಕಂಡು ಕಂಬದ ಹಿಂದೆ ನಿಂತ. ನಾನು ಸರವನ್ನು ನನ್ನ ಕೊರಳಿಗೇ ಹಾಕಿಕೊಂಡು, "ಎಳಿ" ಎಂದೆ. ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ ತಲೆಯಾಡಿಸಿದರು. ಹೆದರುತ್ತಾ ಬಂದು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಸರ ಅವನ ಕೈಗೆ ಬಂತು. ಇನ್ನೊಮ್ಮೆ ಕಟ್ಟು ಎಂದ. ಕಟ್ಟಿದೆ. ಮತ್ತೆ ಎಳೆದ. ಆ ದಿನ ಹನ್ನೊಂದು ಸಲ ಕೊಂಡಿದಾರ ಕಟ್ಟಿದೆ. ಹನ್ನೆರಡನೆಯದನ್ನು ಅವನೇ ಕಟ್ಟಿ, ತನ್ನ ಕೊರಳಿಗೆ ಹಾಕಿಕೊಂಡ.