ಅಮ್ಮನ ಅಳತೆ ರವಿಕೆ

ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ ಅಂದರೆ ಬಹಳ ದಿನ ಅದೊಂದು ಟೇಬಲ್ ಅಷ್ಟೇ. ಮೇಲೊಂದು ಕ್ರೋಷಾ ಬಟ್ಟೆ, ಅದರ ಮೇಲೆ ಕರೆಂಟ್ ಬಿಲ್ಲುಗಳು, ಮಗಳ ಕಂಪಾಸ್ ಬಾಕ್ಸು, ಅರ್ಧ ಒಣಗಿದ ಮನಿಪ್ಲಾಂಟು. 2018ರ ಆಷಾಢದಲ್ಲಿ ಅಮ್ಮ ಹೋದಮೇಲೆ ಅಣ್ಣ, "ನಮ್ಮನೇಲಿ ಇದನ್ನ ಯಾರು ತುಳೀತಾರೆ, ನೀನೇ ಇಟ್ಕೋ" ಅಂತ ಅರಸೀಕೆರೆಯಿಂದ ಟೆಂಪೋದಲ್ಲಿ ಹಾಕಿಸಿ ಕಳಿಸಿದ್ದ. ಜೊತೆಗೆ ಅಮ್ಮನ ರೇಷ್ಮೆ ಸೀರೆ, ರವಿಕೆಗಳ ಒಂದು ಗಂಟು. ಗಂಟನ್ನ ಬೀರು ಮೇಲಿಟ್ಟೆ, ಮಿಷನ್ನಿಗೆ ಕ್ರೋಷಾ ಹೊದಿಸಿದೆ. ಎರಡನ್ನೂ ಬಿಚ್ಚೋ ಧೈರ್ಯ ಇರಲಿಲ್ಲ ಅನ್ನೋದು ನಿಜ. ಕೇಳಿದವರಿಗೆಲ್ಲ "ಟೈಮೇ ಇಲ್ಲ" ಅಂತಿದ್ದೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತಲ್ಲ, ಟೈಮಿಲ್ಲ ಅನ್ನೋ ಹಾಗೇ ಇರಲಿಲ್ಲ. ಮಾಸ್ಕ್ ಹೊಲಿಯೋಣ ಅಂತ ಮಿಷನ್ ತೆಗೆದೆ. ಮೆತ್ತಗಾದ ಹಳೇ ಪಂಚೆ, ಮೂರು ಪದರ. ಎಲಾಸ್ಟಿಕ್ ಎಲ್ಲೂ ಸಿಗಲಿಲ್ಲ (ಅಂಗಡಿಯೇ ತೆಗೆದಿರಲಿಲ್ಲ ಬಿಡಿ), ಅದಕ್ಕೇ ಲಂಗದ ಲಾಡಿ ಕತ್ತರಿಸಿ ಹಚ್ಚಿದೆ. ಮೊದಲನೇ ಮಾಸ್ಕ್ ನಮ್ಮೆಜಮಾನರ ಮುಖಕ್ಕೆ ಕಟ್ಟಿದಾಗ ಮಗಳು, "ಅಪ್ಪ ಹಲ್ಲುನೋವು ಬಂದಿರೋರ ಥರ ಕಾಣ್ತಾರೆ" ಅಂದಳು.

ಮುಖ್ಯ ತೊಂದರೆ ಅದಲ್ಲ. ಮೇಲಿಂದ ನೋಡಿದರೆ ಹೊಲಿಗೆ ಲಕ್ಷಣವಾಗಿ ಬಿದ್ದಿರೋದು, ತಿರುಗಿಸಿದರೆ ಕೆಳಗೆ ಗುಬ್ಬಿ ಗೂಡು! ದಾರ ಸುತ್ತಿ ಸುತ್ತಿ ಗಂಟು. ಕೆಳಗೆ ಗಂಟಾಗ್ತಿದೆ ಅಂದಮೇಲೆ ತಪ್ಪು ಬಾಬಿನ್‌ದೇ ಇರಬೇಕು ಅಂತ ನನ್ನ ಲೆಕ್ಕ. ಬಾಬಿನ್ ಕೇಸಿನ ಆ ಪುಟಾಣಿ ಸ್ಕ್ರೂ ಇದೆಯಲ್ಲ, ಅದನ್ನ ಎರಡು ದಿನ ಆ ಕಡೆ ಈ ಕಡೆ ತಿರುಗಿಸಿದೆ. ಕೊನೆಗೆ ಕೆಳಗಿನ ಮನೆ ಆಂಟಿ ಮೆಟ್ಟಿಲ ಮೇಲೆ ಸಿಕ್ಕಾಗ ನನ್ನ ಗೋಳು ಹೇಳಿಕೊಂಡೆ. ಆರಡಿ ದೂರದಿಂದಲೇ ನಕ್ಕರು.

"ಕೆಳಗೆ ಗಂಟಾದ್ರೆ ಮೇಲೆ ನೋಡ್ಬೇಕು ಕಣ್ರೀ. ದಾರ ಪೋಣಿಸುವಾಗ ಪಾದ ಎತ್ತಿದ್ರೋ ಇಲ್ವೋ?"

ಎತ್ತಿರಲಿಲ್ಲ. ಬಟ್ಟೆ ಒತ್ತೋ ಪಾದ ಕೆಳಗಿದ್ದರೆ ಟೆನ್ಷನ್ನಿನ ಎರಡು ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವಂತೆ. ದಾರ ಅವುಗಳ ಮಧ್ಯೆ ಇಳಿಯದೆ ಮೇಲೇ ತೇಲಿಕೊಂಡು ಹೋಗುತ್ತೆ. ಹಿಡಿದೆಳೆಯೋರು ಯಾರೂ ಇಲ್ಲದೆ ಮೇಲಿನ ದಾರ ಬೇಕಾದಷ್ಟು ಕೆಳಗಿಳಿದು ಗೂಡು ಕಟ್ಟುತ್ತೆ. ಪಾದ ಎತ್ತಿ ಪೋಣಿಸಿದೆ, ಅರ್ಧ ನಿಮಿಷದಲ್ಲಿ ಸರಿಹೋಯ್ತು. ನಾನು ಕೆಡಿಸಿದ್ದ ಆ ಸ್ಕ್ರೂ ಸರಿ ಮಾಡೋಕೆ ಮಾತ್ರ ಇನ್ನೊಂದು ವಾರ ಹಿಡಿಯಿತು :-)

ಅಲ್ಲಿಂದ ಶುರುವಾಯ್ತು ನೋಡಿ ನಮ್ಮ ಮಹಡಿ ಸಭೆ. ಸಂಜೆ ನೀರಿನ ಟ್ಯಾಂಕಿನ ನೆರಳಲ್ಲಿ ಕೆಳಗಿನ ಮನೆ ಆಂಟಿ, ಎರಡನೇ ಮಹಡಿಯ ಅಜ್ಜಿ, ನಾನು, ಆಮೇಲೆ ಹಿಂದಿನ ಬೀದಿಯ ಇಬ್ಬರು. ಯಾರೂ ಹೊಲಿಗೆಯಿಂದ ದುಡ್ಡು ಮಾಡಿದವರಲ್ಲ. ಒಬ್ಬರ ಹತ್ತಿರ ಹಳೇ ಎಲಾಸ್ಟಿಕ್, ಇನ್ನೊಬ್ಬರ ಹತ್ತಿರ ಗುಂಡಿ ಡಬ್ಬಿ, ಮತ್ತೊಬ್ಬರ ಹತ್ತಿರ ಬರೀ ಬುದ್ಧಿಮಾತು. ಅಜ್ಜಿ ಮೂರನೇ ಗುಂಪು. ಎಂಬತ್ತರ ಮೇಲೆ ವಯಸ್ಸು, ಈಗಲೂ ಸೂಜಿಗೆ ದಾರ ತಾವೇ ಪೋಣಿಸೋದು. ಸೀರೆಗೆ ಹಚ್ಚೋ ಮುಂಚೆ ಫಾಲ್ಸನ್ನ ಒಂದು ರಾತ್ರಿ ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಮೊದಲನೇ ಒಗೆತಕ್ಕೇ ಅದು ಕುಗ್ಗಿ ಸೀರೆಯ ಅಂಚು ಮುದುರಿಕೊಳ್ಳುತ್ತೆ ಅಂತ ಹೇಳಿಕೊಟ್ಟಿದ್ದು ಅವರೇ. ಕೈಹೊಲಿಗೆಯ ದಾರವನ್ನ ಮೇಣದಬತ್ತಿಗೆ ಒಮ್ಮೆ ಉಜ್ಜಿಕೊಂಡರೆ ಸಿಕ್ಕಾಗೋದಿಲ್ಲ ಅನ್ನೋದೂ ಅವರದೇ.

ಒಂದು ದಿನ ನನ್ನ ಮಿಷನ್ ಮಧ್ಯೆ ಮಧ್ಯೆ ಹೊಲಿಗೆ ಬಿಡ್ತಿದೆ ಅಂದೆ.

"ಸೂಜಿ ಯಾವ ಕಾಲದ್ದೇ ಅದು?"

"ಗೊತ್ತಿಲ್ಲ ಅಜ್ಜಿ. ಅಮ್ಮ ಹಾಕಿದ್ದು."

ಅಜ್ಜಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಬಿಚ್ಚಿ ಕಾಗದದಲ್ಲಿ ಸುತ್ತಿಟ್ಕೋ ಮಗಾ. ಹೊಸದು ಹಾಕು. ಮೊಂಡ ಸೂಜಿ ಬಟ್ಟೆ ಹಾಳು ಮಾಡುತ್ತೆ" ಅಂದರು. ಹಾಗೇ ಮಾಡಿದೆ. ಮಾಮೂಲಿ ಕಾಟನ್ನಿಗೆ 14ರ ಸೂಜಿ, ಜೀನ್ಸಿಗೆ 16, ತೆಳು ರೇಷ್ಮೆಗೆ 11. ಸೂಜಿಯ ಒಂದು ಮೈ ಚಪ್ಪಟೆ ಇರುತ್ತೆ, ಅದು ಸರಿಯಾದ ಕಡೆ ತಿರುಗಿಲ್ಲದಿದ್ದರೆ ಹೊಸ ಸೂಜಿಯೂ ಹೊಲಿಗೆ ಬಿಡುತ್ತೆ. (ಇದನ್ನು ನಾನು ಮೂರು ಸಲ ಕಲಿತಿದ್ದೇನೆ.)

ಅಂದ ಹಾಗೆ, ಯಂತ್ರಗಳ ಬಗ್ಗೆ ಅಷ್ಟೊಂದು ತಕರಾರಿದ್ದ ಗಾಂಧೀಜಿ ಹೊಲಿಗೆ ಮಿಷನ್ನಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದರು, ಗೊತ್ತಾ? 1924ರಲ್ಲಿ ಒಬ್ಬರು ಈ ಬಗ್ಗೆ ಕೇಳಿದಾಗ ಅವರು ಕೊಟ್ಟ ಉದಾಹರಣೆ ಸಿಂಗರ್ ಮಿಷನ್. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸುಸ್ತಾಗೋದನ್ನ ನೋಡಲಾರದೆ ಸಿಂಗರ್ ಪ್ರೀತಿಯಿಂದ ಅದನ್ನ ಕಂಡುಹಿಡಿದ ಅನ್ನೋ ಅರ್ಥದಲ್ಲಿ ಹೇಳಿದ್ದರು. ಮಹಡಿ ಸಭೆಯಲ್ಲಿ ಇದನ್ನ ಹೇಳಿ ಮೆಚ್ಚುಗೆ ಗಿಟ್ಟಿಸೋಣ ಅಂತ ಸ್ವಲ್ಪ ಓದಿಕೊಂಡು ಹೋದೆ. ಓದಿದರೆ, 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಮಹಾಶಯನಿಗೆ ಒಂದೇ ಕಾಲಕ್ಕೆ ಒಂದಕ್ಕಿಂತ ಹೆಚ್ಚು ಸಂಸಾರ, ಒಟ್ಟು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು! ಅವನಿಗಿಂತ ಮುಂಚೆ, 1846ರಲ್ಲೇ, ಎಲಿಯಾಸ್ ಹೋವ್ ಅನ್ನೋನು ಪೇಟೆಂಟ್ ತಗೊಂಡಿದ್ದ, ಸಿಂಗರ್ ಅವನಿಗೆ ಹಣ ಕಟ್ಟಬೇಕಾಯ್ತು. ಆಂಟಿ ಕೇಳಿ, "ಅಷ್ಟು ಮಕ್ಕಳಿಗೆ ಬಟ್ಟೆ ಹೊಲೀಬೇಕಲ್ರೀ, ಮಿಷನ್ ಬೇಕೇ ಬೇಕು" ಅಂದರು.

ಮಾಸ್ಕಿನ ಕಾಲ ಮುಗಿದರೂ ಸಭೆ ಮುಗಿಯಲಿಲ್ಲ. ದಿಂಬಿನ ಕವರು, ಜೀನ್ಸಿನ ಜಿಪ್ಪು, ಮಗಳ ಯೂನಿಫಾರ್ಮ್ ಬಿಚ್ಚಿ ಉದ್ದ ಮಾಡೋದು, ಹೀಗೆ ನಡೆದಿತ್ತು. ಈಗ ಮೂರು ತಿಂಗಳ ಹಿಂದೆ ಅಣ್ಣನ ಮಗಳ ಮದುವೆ ನಿಶ್ಚಯವಾಯ್ತು. ಮುಹೂರ್ತಕ್ಕೆ ಅಮ್ಮನ ಮೆರೂನ್ ರೇಷ್ಮೆ ಸೀರೆ ಉಡಬೇಕು ಅಂತ ಮನಸ್ಸಾಯ್ತು. ಇಷ್ಟು ವರ್ಷಕ್ಕೆ ಗಂಟು ಬಿಚ್ಚಿದೆ. ನ್ಯಾಫ್ತಲಿನ್ ವಾಸನೆ, ಅದರಡಿ ಇನ್ನೊಂದು ವಾಸನೆ. ಇರಲಿ.

ರವಿಕೆ ಹಾಕಿಕೊಳ್ಳೋಕೆ ಹೋದರೆ ಹುಕ್ಕೇ ಸೇರಲಿಲ್ಲ. ಆಶ್ಚರ್ಯ. ಅಮ್ಮನ ಮೈಕಟ್ಟು ನನಗಿಂತ ಒಂದು ಕೈ ಮೇಲೇ ಇತ್ತು, ನನಗೆ ದೊಗಲೆ ಆಗಬೇಕಿತ್ತು. ಸರಿ, ನಾನೇ ಊದಿದ್ದೀನಿ ಅಂದುಕೊಂಡು ಮಹಡಿಗೆ ತಗೊಂಡು ಹೋದೆ.

ಆಂಟಿ ಒಳಗಡೆ ತಿರುಗಿಸಿ ಪಕ್ಕದ ಹೊಲಿಗೆ ನೋಡಿ, "ಬೇಕಾದಷ್ಟು ಬಟ್ಟೆ ಬಿಟ್ಟಿದಾರೆ, ಯೋಚ್ನೆ ಮಾಡ್ಬೇಡಿ" ಅಂದರು. ಅದು ಅಮ್ಮನ ಕಟ್ಟಪ್ಪಣೆ. "ಒಳಗೆ ಒಂದೂವರೆ ಇಂಚು ಬಿಡಪ್ಪಾ" ಅನ್ನದೆ ಟೈಲರ್ ಅಂಗಡಿಯಿಂದ ಎಂದೂ ಇಳಿದವಳಲ್ಲ. ಆಂಟಿ ಲೆಕ್ಕ ಹೇಳಿಕೊಟ್ಟರು: ಪಕ್ಕದ ಹೊಲಿಗೆ ಕಾಲು ಇಂಚು ಬಿಚ್ಚಿದರೆ ಹಿಂದೆ ಕಾಲು, ಮುಂದೆ ಕಾಲು ಸಿಗುತ್ತೆ. ಎರಡು ಪಕ್ಕ ಸೇರಿ ಸುತ್ತಳತೆಯಲ್ಲಿ ಪೂರ್ತಿ ಒಂದು ಇಂಚು. ಬಿಚ್ಚುವಾಗ ದಾರ ಹಿಡಿದು ಎಳೆಯಬಾರದು, ರೇಷ್ಮೆ ಹರಿಯುತ್ತೆ. ಒಂದು ಮಗ್ಗುಲಲ್ಲಿ ನಾಲ್ಕೈದು ಹೊಲಿಗೆಗೊಂದು ಸಲ ಬ್ಲೇಡಿನ ಮೂಲೆಯಿಂದ ಕತ್ತರಿಸಿಕೊಂಡು ಹೋಗಿ, ಇನ್ನೊಂದು ಮಗ್ಗುಲಿಂದ ದಾರ ಎಳೆದರೆ ಸಲೀಸಾಗಿ ಬರುತ್ತೆ.

ಅವತ್ತು ರಾತ್ರಿ ಕೂತೆ. ಮೈ ಕಡೆಗಿರೋ ಮೊದಲನೇ ಸಾಲು ಮಿಷನ್ನಿನದಲ್ಲ, ಕೈಹೊಲಿಗೆ. ಸೊಟ್ಟಸೊಟ್ಟ. ಯಾವ ಟೈಲರಪ್ಪಾ ಇದು ಅಂತ ಬೈಕೊಂಡೇ ಬಿಚ್ಚಿ, ದಾರ ಕಸದ ಬುಟ್ಟಿಗೆ ಹಾಕಿದೆ. ಅದರಾಚೆ ಎರಡನೇ ಸಾಲು, ಹಸಿರು ದಾರ. ಮೆರೂನ್ ರವಿಕೆಗೆ ಹಸಿರು ದಾರ! ಅದರಾಚೆ ಬಿಳಿ ದಾರದ ಇನ್ನೊಂದು ಸಾಲು. ಆಮೇಲೆ, ತುಂಬ ಆಚೆ, ಮೆರೂನ್ ದಾರದಲ್ಲಿ ನೀಟಾಗಿ ಟೈಲರ್ ಹಾಕಿದ ಹೊಲಿಗೆ.

ಹಸಿರು ಸಾಲಿನ ಕೊನೆಯಲ್ಲಿ ಎರಡು ಗಂಟು. ನಮ್ಮ ಮಿಷನ್ನಿಗೆ ಹಿಂದಕ್ಕೆ ಹೊಲಿಯೋ ಸೌಕರ್ಯ ಇಲ್ಲ, ಅಮ್ಮ ಯಾವಾಗಲೂ ಎರಡು ದಾರ ಸೇರಿಸಿ ಕೈಯಲ್ಲೇ ಎರಡು ಗಂಟು ಹಾಕೋಳು.

ಆ ಹಸಿರು ದಾರ ನನಗೆ ಗೊತ್ತು. 2017ರ ದಸರಾಕ್ಕೆ ನನ್ನ ಮಗಳಿಗೆ ಅಮ್ಮ ಹೊಲಿದ ಹಸಿರು ಲಂಗದ್ದು. ಬಿಳಿಯದು ಅದಕ್ಕೂ ಮುಂಚಿನದು, ಯಾವಾಗಿನದೋ. ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದ್ದು 2018ರ ಶಿವರಾತ್ರಿ ಆದಮೇಲೆ. "ಯಾವಾಗಿಂದ ತೂಕ ಇಳೀತಿದೆ" ಅಂತ ಅವರು ಕೇಳಿದ್ದಕ್ಕೆ ಅಮ್ಮ, "ಈಗೊಂದು ತಿಂಗಳಿಂದ ಇರಬೇಕು" ಅಂದಿದ್ದಳು. ನಾವೂ ಹೂಂ ಅಂದಿದ್ದೆವು.

ಮೂರು ಸಾಲು. ಕಾಲು ಇಂಚಿನ ಲೆಕ್ಕದಲ್ಲಿ ಮೂರು ಇಂಚು.

ಗಂಟಿನಲ್ಲಿದ್ದ ಬೇರೆ ರವಿಕೆಗಳನ್ನೂ ತಿರುಗಿಸಿ ನೋಡಿದೆ. ಇನ್ನು ಮೂರರಲ್ಲಿ ಇದೇ ಕಥೆ. ಕೆಳಗೊಂದು ನೀಲಿ ಕಾಟನ್ ರವಿಕೆ ಇತ್ತು, ಅದನ್ನ ಮಾತ್ರ ಮುಟ್ಟಿಲ್ಲ. ಅದು ಅಳತೆ ರವಿಕೆ. ಟೈಲರ್ ಹತ್ತಿರ ಪ್ರತಿ ಸಲ ಅದನ್ನೇ ಕೊಡೋಳು. ಹೊಸ ಅಳತೆ ಕೊಟ್ಟರೆ ಆ ಟೈಲರಣ್ಣ ಕೇಳದೆ ಬಿಡ್ತಿದ್ದನಾ? ಊರಿಗೆಲ್ಲ ಗೊತ್ತಾಗ್ತಿತ್ತು, ಅಣ್ಣನಿಗೂ. ಹಾಗಾಗಿ ಹಳೇ ಅಳತೆಯಲ್ಲೇ ಹೊಲಿಸಿಕೊಂಡು ಬಂದು, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ತಾನೇ ಒಳಗೆ ಹಿಡಿದಿದ್ದಾಳೆ. ಬಾಬಿನ್‌ನಲ್ಲಿ ಯಾವ ದಾರ ಇತ್ತೋ ಅದೇ. ಕೊನೆಯ ಸಲ ತುಳಿಯೋಕೂ ಆಗಿಲ್ಲ, ಕೈಯಲ್ಲಿ ಹಾಕಿದ್ದಾಳೆ. ನಾನು ಸೊಟ್ಟ ಅಂತ ಬೈದದ್ದು ಅದನ್ನ.

2018ರ ಜನವರಿಯಲ್ಲಿ ಅಣ್ಣನ ಹೊಸ ಮನೆ ಗೃಹಪ್ರವೇಶ. ಆ ಫೋಟೋದಲ್ಲಿ ಅಮ್ಮ ಇದೇ ಮೆರೂನ್ ಸೀರೆಯಲ್ಲಿ, ಸೆರಗನ್ನ ಮೈತುಂಬ ಹೊದ್ದು ನಿಂತಿದ್ದಾಳೆ. ಚಳಿ ಅಂದಿದ್ದಳು. ನಾನು ಪಕ್ಕದಲ್ಲಿ ನಿಂತು, "ಏನಮ್ಮ, ಸ್ಲಿಮ್ ಆಗ್ಬಿಟ್ಟಿದೀಯ, ವಾಕಿಂಗಾ?" ಅಂತ ಕೇಳಿದ್ದೆ. "ಹೂಂ ಕಣೇ, ಸ್ಟೇಷನ್ ತನಕ ಹೋಗಿ ಬರ್ತೀನಿ ದಿನಾ" ಅಂದಿದ್ದಳು. ನಾನು ಖುಷಿಪಟ್ಟಿದ್ದೆ.

ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಫೋಟೋ ತೆಗೆದಿದ್ದು ನಾನೇ" ಅಂದ. ಅಷ್ಟೇ.

ಅಜ್ಜಿಗೂ ಹೇಳಿದೆ. ಅವರೇನೂ ಆಶ್ಚರ್ಯಪಡಲಿಲ್ಲ. "ಹೇಳಿದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀರಿ, ಮನೆ ಕಟ್ಟೋ ದುಡ್ಡೆಲ್ಲ ಅಲ್ಲಿಗೆ ಸುರೀತೀರಿ ಅಂತ ಇರ್ಬೋದು. ನಮ್ಮಕ್ಕನೂ ಹಂಗೇ ಮಾಡಿದ್ಲು" ಅಂದರು. ನನಗೆ ಸಿಟ್ಟು ಬಂತು, ಅಜ್ಜಿಯ ಮೇಲೋ ಅಮ್ಮನ ಮೇಲೋ ಗೊತ್ತಾಗಲಿಲ್ಲ. ಅಜ್ಜಿ ರವಿಕೆಯನ್ನ ಕೈಗೆ ತಗೊಂಡು, ಬೆಳಕಿಗೆ ಹಿಡಿದು, ಕೈಹೊಲಿಗೆ ಇದ್ದ ಜಾಗದ ತೂತುಗಳ ಮೇಲೆ ಬೆರಳಾಡಿಸಿದರು. "ಕೈ ನಡುಗ್ತಿತ್ತು ಕಣೇ ಅವಳಿಗೆ" ಅಂದರು.

ಉಳಿದ ಎರಡು ಸಾಲು ನಾನು ಬಿಚ್ಚಲಿಲ್ಲ. ನೀಲಿ ಅಳತೆ ರವಿಕೆ ಹಾಕಿ ನೋಡಿದೆ, ಕೈ ಕಂಕುಳು ಎಲ್ಲ ನನಗೆ ಹೊಲಿಸಿದ ಹಾಗೇ ಕೂತಿತು. ಅದನ್ನೇ ಕೆಳಗೆ ಹರಡಿ, ಕಾಗದದ ಮೇಲೆ ಗುರುತು ಮಾಡಿಕೊಂಡು, ಮೆರೂನ್ ಬಟ್ಟೆ ತಂದು ಹೊಸದೊಂದು ಹೊಲಿದೆ. ಮೊದಲನೇ ರವಿಕೆ ನಾನು ಹೊಲಿದದ್ದು. ಎಡಗೈ ತೋಳು ಸ್ವಲ್ಪ ತಿರುಗಿಕೊಂಡಿದೆ, ಕುತ್ತಿಗೆ ಆಂಟಿ ಸರಿ ಮಾಡಿಕೊಟ್ಟರು. ಒಳಗೆ ಒಂದೂವರೆ ಇಂಚು ಬಿಟ್ಟಿದ್ದೇನೆ.

ಇನ್ನು ಆ ಬೇರೆ ಮೂರು ರವಿಕೆ ಬಿಚ್ಚಿ ಹಾಕಿಕೊಳ್ಳೋಣ ಅಂತಿದ್ದೇನೆ. ಬಿಚ್ಚಿದ ಮೇಲೆ ರೇಷ್ಮೆಯಲ್ಲಿ ಹಳೇ ಹೊಲಿಗೆಯ ತೂತು ಕಾಣುತ್ತೆ. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ, ಚಮಚದ ಹಿಂಬದಿಯಿಂದ ಮೆಲ್ಲಗೆ ಉಜ್ಜಿದರೆ ಎಳೆಗಳು ಕೂಡಿಕೊಳ್ಳುತ್ತವೆ ಅಂದರು ಆಂಟಿ. ಸ್ವಲ್ಪ ಮಟ್ಟಿಗೆ ಹೌದು, ಪೂರ್ತಿ ಹೋಗಲ್ಲ. ನಿಮ್ಮಲ್ಲಿ ಹೊಲಿಯೋರು ಯಾರಿಗಾದರೂ ಇದಕ್ಕಿಂತ ಒಳ್ಳೇ ಉಪಾಯ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮೆರೂನ್ ರವಿಕೆಗಲ್ಲ, ಆ ಮೂರಕ್ಕೆ ಮಾತ್ರ.