ಪುಣೆ–ಬೆಳಗಾವಿ: ಅರವತ್ತು ದಾಟಿದವನ ಬುಲೆಟ್ ದಾರಿ

ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ ದಾಟಿದರೆ ಊರು ಬಂದಂತೆಯೇ. ಪುಣೆಯಲ್ಲಿರುವ ನಮ್ಮ ಕಡೆಯ ಮಂದಿಗೆ ಈ ದಾರಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೆಚ್ಚಿನವರು ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗುತ್ತಾರೆ. ಕೆಲವರು ಮಕ್ಕಳ ಕಾರಿನಲ್ಲಿ. ನಾನು ಮೂವತ್ತು ವರ್ಷಗಳಿಂದ ಬುಲೆಟ್ ಮೇಲೆ ಹೋಗಿ ಬರುತ್ತಿದ್ದೇನೆ. ಈಗ ನನಗೆ 64. ಮೊದಲು ಈ ರಸ್ತೆಯಲ್ಲಿ ಎಲ್ಲಿ ಜೋರಾಗಿ ಓಡಿಸಬಹುದು ಎಂದು ನೋಡುತ್ತಿದ್ದೆ, ಈಗ ಎಲ್ಲಿ ನಿಲ್ಲಿಸಬಹುದು ಎಂದು ನೋಡುತ್ತೇನೆ.

ಕಾರಣ ಸರಳ. ಈಗಿನ 350 ಸಿಸಿ ಬುಲೆಟ್‌ನ ತೂಕ 195 ಕಿಲೋ. ಅರವತ್ತರ ವೇಗದಲ್ಲಿ ಓಡುವಾಗ ಆ ತೂಕದ ನೆನಪೇ ಇರುವುದಿಲ್ಲ. ಗಾಡಿ ತನ್ನಷ್ಟಕ್ಕೆ ನೆಟ್ಟಗಿರುತ್ತದೆ. ನಡೆಯುವವರ ವೇಗಕ್ಕೆ ಇಳಿದಾಗ ಅಷ್ಟೂ ಭಾರ ಬಂದು ನಮ್ಮ ಕಾಲಿನ ಮೇಲೆ ಕೂರುತ್ತದೆ. ಮೂವತ್ತರ ವಯಸ್ಸಿನಲ್ಲಿ ಮೊಣಕಾಲು ಅದನ್ನು ಸುಮ್ಮನೆ ಹೊತ್ತುಕೊಳ್ಳುತ್ತಿತ್ತು. ಈಗ ಲೆಕ್ಕ ಕೇಳುತ್ತದೆ.

ಆ ಲೆಕ್ಕ ಮೊದಲು ಕೇಳುವುದು ಸಾತಾರಾಕ್ಕೆ ಮುಂಚಿನ ಖಂಬಾಟ್ಕಿ ಘಾಟಿನಲ್ಲಿ. ಪುಣೆಗೆ ಮರಳುವಾಗ ಸುರಂಗದಲ್ಲಿ ನುಸುಳಿ ಬರಬಹುದು. ಊರಿಗೆ ಹೋಗುವಾಗ ನಾನು ಹತ್ತುತ್ತ ಬಂದದ್ದು ಹಳೆಯ ಘಾಟ್ ರಸ್ತೆಯನ್ನೇ. ತುಂಬಿದ ಲಾರಿಗಳು ಫಸ್ಟ್ ಗೇರಿನಲ್ಲಿ ಉಸಿರು ಬಿಡುತ್ತ ಹತ್ತುತ್ತವೆ. ಒಂದು ನಿಂತರೆ ಹಿಂದಿನದ್ದೆಲ್ಲ ನಿಲ್ಲುತ್ತದೆ. ಏರಿನಲ್ಲಿ, ತಿರುವಿನಲ್ಲಿ, ಭಾರದ ಗಾಡಿಯ ಮೇಲೆ ನಿಂತು ಮತ್ತೆ ಹೊರಡುವುದೇ ನಿಜವಾದ ಪರೀಕ್ಷೆ. ಮುಂದಿನ ಲಾರಿಗೆ ಅಂಟಿಕೊಂಡು ಹೋಗಬಾರದು. ಅಂತರ ಬಿಟ್ಟರೆ ನಿಲ್ಲುವ ಬದಲು ಅರ್ಧ ಕ್ಲಚ್‌ನಲ್ಲಿ ತೆವಳಬಹುದು. ನಿಲ್ಲಲೇಬೇಕಾದರೆ ಹ್ಯಾಂಡಲ್ ನೇರ ಮಾಡಿಕೊಂಡು ನಿಲ್ಲಬೇಕು: ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಹ್ಯಾಂಡಲ್ ತಿರುಗಿರುವಾಗ ನಿಧಾನ ವೇಗದಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಗಾಡಿ ತಿರುಗಿದ ಕಡೆಗೇ ಮಗುಚುತ್ತದೆ, ಆಗ ಯಾವ ಕಾಲೂ ತಡೆಯಲಾರದು. ಇದೆಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಬೆಳಗಿನ ಐದಕ್ಕೆ ಮನೆ ಬಿಡುವುದು. ಲಾರಿಗಳ ಸಾಲು ಬೆಳೆಯುವ ಮೊದಲೇ ಘಾಟ್ ದಾಟಿರುತ್ತದೆ.

ಘಾಟ್ ಇಳಿದರೆ ಚಹಾ. ಎಲ್ಲಿ ಚಹಾ ಚೆನ್ನಾಗಿದೆ ಎನ್ನುವುದು ಈಗ ಎರಡನೆಯ ಪ್ರಶ್ನೆ. ಅಂಗಡಿಯ ಮುಂದಿನ ನೆಲ ಹೇಗಿದೆ ಎನ್ನುವುದು ಮೊದಲನೆಯದು. ಜಲ್ಲಿಕಲ್ಲು ಹರಡಿದ ಜಾಗ, ರಸ್ತೆಯಿಂದ ಕೆಳಗಿಳಿಯುವ ಮಣ್ಣು ನಮಗೆ ಬೇಡ. ಬುಲೆಟ್‌ಗೆ ರಿವರ್ಸ್ ಗೇರ್ ಇಲ್ಲ. ಗೋಡೆಯ ಕಡೆಗೆ ಇಳಿಜಾರಿನಲ್ಲಿ ಮೂತಿ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ಎಳೆಯಲು ಇಬ್ಬರು ಬೇಕು. ಇಳಿಯುವ ಮುಂಚೆಯೇ ಮೂತಿ ರಸ್ತೆಯ ಕಡೆ ತಿರುಗಿರಬೇಕು, ಗಾಡಿ ಗೇರಿನಲ್ಲಿರಬೇಕು. ಟೋಲ್ ನಾಕಾದಲ್ಲೂ ಇದೇ ಎಚ್ಚರ. ದ್ವಿಚಕ್ರಕ್ಕೆ ಹಣವಿಲ್ಲ, ಆದರೆ ಎಡಗಡೆಯ ಆ ಸಣ್ಣ ಓಣಿಯಲ್ಲಿ ಉಸುಕು ತುಂಬಿರುತ್ತದೆ.

ಡಬಲ್ ಸ್ಟ್ಯಾಂಡ್ ಹಾಕುವಾಗ ತೋಳಿನಿಂದ ಎಳೆಯುವವರು ಸೊಂಟ ಹಿಡಿದುಕೊಳ್ಳುತ್ತಾರೆ. ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ್ದು ಗೊತ್ತಾದ ಮೇಲೆ ಮೈಭಾರವೆಲ್ಲ ಬಲಪಾದದ ಮೇಲೆ ಹಾಕಿ ತುಳಿದರೆ ಗಾಡಿ ತಾನೇ ಏರುತ್ತದೆ. ಬಿದ್ದ ಗಾಡಿ ಎತ್ತುವುದಕ್ಕೂ ರೀತಿಯಿದೆ. ಮೊದಲು ಕೀಲಿ ಆಫ್ ಮಾಡಿ ಗೇರಿಗೆ ಹಾಕಬೇಕು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಬೇಕು. ಆಮೇಲೆ ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಕಬ್ಬಿಣಕ್ಕೆ ಕೊಟ್ಟು, ಸಣ್ಣ ಹೆಜ್ಜೆ ಇಡುತ್ತ ಹಿಂದಕ್ಕೆ ನಡೆಯಬೇಕು. ಎತ್ತುವುದು ತೊಡೆಯ ಕೆಲಸ, ಬೆನ್ನಿನದ್ದಲ್ಲ.

ಕರಾಡದಲ್ಲಿ ಕೃಷ್ಣೆ, ಕೊಯ್ನೆ ಕೂಡುತ್ತವೆ. ಅಲ್ಲಿಂದಾಚೆ ಎಲ್ಲ ಕಬ್ಬಿನ ಸೀಮೆ. ಕಾರ್ಖಾನೆಗಳು ನುರಿಸುವ ದಿನಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ತೂಗಾಡುತ್ತ ಹೋಗುತ್ತವೆ. ಹಲವಕ್ಕೆ ಹಿಂದೆ ದೀಪವೇ ಇಲ್ಲ. ಗಂಟೆಗೆ 80ರ ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೇವೆ. ವಯಸ್ಸಾದ ಕಣ್ಣು ನೋಡಿ, ಕೈ ಬ್ರೇಕ್ ಹಿಡಿಯುವುದಕ್ಕೆ ಅರ್ಧ ಸೆಕೆಂಡ್ ತಡವಾದರೂ 11 ಮೀಟರ್ ಹೋಯಿತು. ಎದುರಿನ ದೀಪಕ್ಕೆ ಕೋರೈಸಿದ ಕಣ್ಣು ಸರಿಹೋಗಲೂ ಈಗ ಹೆಚ್ಚು ಹೊತ್ತು ಬೇಕು. ಹಾಗಾಗಿ ನನ್ನ ವೇಗ 65, ಸೂರ್ಯ ಮುಳುಗುವುದರೊಳಗೆ ಸವಾರಿ ಮುಗಿಯಬೇಕು. ಬಾಯಾರಿಕೆ ತಿಳಿಯುವುದೂ ಈ ವಯಸ್ಸಿಗೆ ಕಡಿಮೆ, ಅದಕ್ಕೆ ಪ್ರತಿ ಗಂಟೆಗೆ ಇಳಿದು ನೀರು ಕುಡಿಯುತ್ತೇನೆ.

ಕಾಗಲ್ ಬಿಟ್ಟು ದೂಧಗಂಗೆಯ ಸೇತುವೆ ದಾಟಿದರೆ ಕೊಗನೊಳ್ಳಿ. ಬೋರ್ಡುಗಳಲ್ಲಿ ಕನ್ನಡ ಕಾಣುತ್ತದೆ. ಕೊಲ್ಹಾಪುರದ ಪೆಟ್ರೋಲ್ ಪಂಪಿನ ಹುಡುಗರಿಗೆ ನಾನು ‘ಕಾಕಾ’. ಸಂಕೇಶ್ವರದಲ್ಲಿ ಒಬ್ಬ ಹುಡುಗ ಓಡಿ ಬಂದು, “ಅಜ್ಜಾರ, ಗಾಡಿ ನಾ ಹಿಡೀಲೇನ್ರಿ?” ಎಂದ. ಗಡಿ ದಾಟುವಷ್ಟರಲ್ಲಿ ಒಂದು ತಲೆಮಾರು ದಾಟಿದ್ದೆ! “ಹಿಡಿಯಪಾ, ಹಿಂದಿಂದ ಹಿಡಿ,” ಎಂದೆ. ಕೇಳಿದವರ ಸಹಾಯ ತೆಗೆದುಕೊಳ್ಳುವುದನ್ನು ಭಾರದ ಗಾಡಿ ಕಲಿಸುತ್ತದೆ.

ಮರಳುವಾಗ ಅಕ್ಕ ಕಟ್ಟಿಕೊಡುವ ಜೋಳದ ಹಿಟ್ಟು, ಶೇಂಗಾ ಚಟ್ನಿ, ಕೆಂಪು ಖಾರ ಎಲ್ಲ ಸೇರಿ ಹತ್ತು ಕಿಲೋ ಆಗುತ್ತದೆ. ಅದನ್ನು ಹಿಂದೆ ಎತ್ತರಕ್ಕೆ ಕಟ್ಟಿದರೆ ನಿಂತ ಗಾಡಿ ವಾಲುತ್ತದೆ. ಎರಡೂ ಬದಿಯ ಚೀಲದಲ್ಲಿ ಸಮನಾಗಿ, ಕೆಳಗೆ ಇಡಬೇಕು. ನಿಪ್ಪಾಣಿಗೆ ಇಳಿಯುವ ಸ್ತವನಿಧಿ ಘಾಟಿನಲ್ಲಿ ಗೇರ್ ಇಳಿಸಿ ಇಂಜಿನ್ನಿನಿಂದಲೇ ಗಾಡಿ ಹಿಡಿಸಬೇಕು. ಬ್ರೇಕ್ ಒಂದನ್ನೇ ನಂಬಬಾರದು.

“ಇನ್ನೂ ಎಷ್ಟು ವರ್ಷ?” ಎಂದು ಮನೆಯವರು ಕೇಳುತ್ತಾರೆ. ಜಗಳವಾಗಬಾರದೆಂದು ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಪ್ರತಿ ಪ್ರಯಾಣದ ಹಿಂದಿನ ಸಂಜೆ, ಹೆಂಡತಿಯ ಎದುರಿಗೆ, ಯಾರ ಕೈಯೂ ತಾಗದೆ ಮೂರು ಸಲ ಡಬಲ್ ಸ್ಟ್ಯಾಂಡ್ ಹಾಕಿ ಇಳಿಸಬೇಕು. ಒಂದು ಸಲ ತಪ್ಪಿದರೂ ಬಸ್ ಟಿಕೆಟ್. ಬುಲೆಟ್ ಮಾರಿ ಹಗುರದ ಗಾಡಿ ಕೊಳ್ಳುವ ಮಾತು ಆಮೇಲೆ. ಅದಕ್ಕೂ ನನ್ನ ತಕರಾರಿಲ್ಲ. ಕಳೆದ ದೀಪಾವಳಿಗೆ ಮೂರನೆಯ ಸಲ ಸ್ವಲ್ಪ ಏದುಸಿರು ಬಂತು. ಅವಳು ಗಮನಿಸಿದಳು, ಏನೂ ಅನ್ನಲಿಲ್ಲ.

ಯುಗಾದಿಗೆ ಮತ್ತೆ ಊರಿಗೆ ಹೋಗಬೇಕು. ದಿನಾ ಬೆಳಿಗ್ಗೆ ಇಪ್ಪತ್ತು ಬಸ್ಕಿ ಶುರು ಮಾಡಿದ್ದೇನೆ.